ನೀರಿನ ಸರದಿ, ಅಂಕೆಯ ಸರದಿ

ಭದ್ರೆಯ ತಟದ ಹೊಳೆಹೊನ್ನೂರಿನ ಸೀಮೆಯಲ್ಲಿ ನಾಲೆಯ ನೀರಿಗಾಗಿ ಕಾದುನಿಂತ ಗದ್ದೆಗಳನ್ನು ಕಂಡಾಗಲೆಲ್ಲ, ನಾಲೆಗಳಿಗಿಂತ ಬಹುಪೂರ್ವದಲ್ಲಿಯೇ ನಮ್ಮ ನಾಡಿನ ಕೆರೆಗಳ ತೂಬನ್ನು ಕಾಯುತ್ತಿದ್ದ ನೀರುಗಂಟಿಯು ನನ್ನ ನೆನಪಿಗೆ ಬರುತ್ತಾನೆ. ಗುದ್ದಲಿಯನ್ನು ಹೆಗಲಿಗೇರಿಸಿ ಬದುವಿನ ಮೇಲೆ ನಡೆದು, ಒಬ್ಬನ ಮಡೆಗೆ ಮಣ್ಣಿನ ಹೆಂಟೆಯನ್ನಿಟ್ಟು ಇನ್ನೊಬ್ಬನದನ್ನು ತೆರೆಯುತ್ತಿದ್ದ ಆತನಿಗೆ, ಸುಗ್ಗಿಯಲ್ಲಿ ರೈತರಿಂದ ಧಾನ್ಯದ ಆಯವು ಸಲ್ಲುತ್ತಿತ್ತು; ನೀರು ಸಾಲದ ವರ್ಷದಲ್ಲಿ ಕೊನೆಯ ಗದ್ದೆಯ ಬಡವನ ಪಾಲು ಆತನ ನಿಷ್ಪಕ್ಷಪಾತವನ್ನೇ ನೆಚ್ಚಿತ್ತು.

ಅಂತರ್ಜಾಲದ ವಿಳಾಸಗಳ ಚರಿತ್ರೆಯೂ, ಸಾಲದ ನೀರನ್ನು ಹಂಚುವ ಈ ಕಥೆಗೆ ಸಮೀಪವಾದುದೇ. ಹಳೆಯ ಏರ್ಪಾಡಿನಲ್ಲಿ ಇದ್ದುದು ಸುಮಾರು 429 ಕೋಟಿ ಅಂಕೆ-ವಿಳಾಸಗಳು ಮಾತ್ರ. ಮೊದಲು ಬಂದ ಕೆಲವು ಅಮೆರಿಕದ ಸಂಸ್ಥೆಗಳಿಗೆ ಒಂದೊಂದಕ್ಕೇ 1.68 ಕೋಟಿಯಷ್ಟು ಸಂದುವು. ಮೇಲ್ಗದ್ದೆಯವನು ತೂಬನ್ನೇ ತಿರುಗಿಸಿಕೊಂಡಂತಹ ಈ ಹಂಚಿಕೆಯನ್ನು ನ್ಯಾಯವೆನ್ನಲು ನನ್ನ ಮನಸ್ಸೊಪ್ಪದು. ಜಾಗತಿಕ ಭಂಡಾರದಲ್ಲಿದ್ದ ವಿಳಾಸಗಳ ಕೊನೆಯ ಐದು ಕಟ್ಟುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಆ ಬಳಿಕ ಏಷ್ಯ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆಯಾದ ಏಪಿನಿಕ್, ತಡವಾಗಿ ಬಂದವರಿಗೂ ಪಾಲು ಉಳಿಯಲೆಂದು, ತನ್ನ ಪಾಲಿಗೆ ಬಂದ ಕೊನೆಯ ಕಟ್ಟಿನಿಂದ ಸದಸ್ಯನೊಬ್ಬನಿಗೆ 1024 ವಿಳಾಸಗಳನ್ನೂ, 2019ರಿಂದ ಹೊಸಬರಿಗೆ 512ನ್ನೂ ಮೀರದಂತೆ ಮಿತಿಯನ್ನು ವಿಧಿಸಿತು. ಒಬ್ಬರಿಂದೊಬ್ಬರಿಗೆ ವರ್ಗಾವಣೆಯುಂಟು, ಆದರೆ ಪಡೆಯುವವನು ತನ್ನ ಅವಶ್ಯಕತೆಯನ್ನು ಮೊದಲು ರುಜುವಾತುಪಡಿಸಬೇಕು.