ನೆಂಟನಾದ ಗೆಳೆಯ, ಗೆಳೆಯನಾದ ನೆಂಟ

‘ನಂಟು’ ಎಂಬ ಪದ ಈಗ ಹೆಚ್ಚಾಗಿ ಕಾಣಸಿಗುವುದು ಅಪರಾಧ ಸುದ್ದಿಗಳಲ್ಲಿ. ಡ್ರಗ್ಸ್ ನಂಟು, ಭೂಗತ ಲೋಕದ ನಂಟು, ಉಗ್ರರ ನಂಟು. ಮನೆಮಾತಿನಲ್ಲಾದರೋ ಅದೇ ಪದ ನೆಂಟ, ನೆಂಟಸ್ತಿಕೆ, ನೆಂಟರಿಷ್ಟರು ಎಂದು ಮದುವೆಯ ಚಪ್ಪರದ ಕೆಳಗೆ ಕೂತಿದೆ. ಆದರೆ ಹಳಗನ್ನಡಕ್ಕೆ ಹೋದರೆ ಅರ್ಥದ ಮುಖವೇ ಬೇರೆ. ಅಲ್ಲಿ ‘ನಣ್ಪು’ ಎಂದರೆ ಸ್ನೇಹ, ಒಲವು. ತಮಿಳಿನ ನಟ್ಪು, ನಣ್ಬನ್ ಇದರ ಒಡಹುಟ್ಟುಗಳು. ಅವು ಇಂದಿಗೂ ಸ್ನೇಹವನ್ನೂ ಸ್ನೇಹಿತನನ್ನೂ ಹೇಳುತ್ತವೆ. ತಿರುಕ್ಕುರಳಿನ 79ನೆಯ ಅಧಿಕಾರದ ಹೆಸರೇ ನಟ್ಪು. ಹತ್ತಿರವಾಗು, ಕೂಡು ಎಂಬ ಅರ್ಥದ ಒಂದೇ ಬೇರಿನಿಂದ ಬಂದ ಈ ಪದ ತಮಿಳಿನಲ್ಲಿ ಗೆಳೆತನದಲ್ಲೇ ಉಳಿಯಿತು, ಕನ್ನಡದಲ್ಲಿ ರಕ್ತಸಂಬಂಧದ ಕಡೆಗೆ ವಾಲಿತು. ಫರ್ಡಿನಾಂಡ್ ಕಿಟ್ಟೆಲ್ ಅವರ 1894ರ ನಿಘಂಟು ನಂಟು ಎಂಬಲ್ಲಿ ಸಂಬಂಧ, ಸ್ನೇಹ ಎರಡನ್ನೂ ಕೊಡುತ್ತದೆ. ಅವರ ಕಾಲಕ್ಕೂ ಪದ ಎರಡೂ ದಡಗಳನ್ನು ಮುಟ್ಟುತ್ತಿತ್ತು.

ಎದುರು ದಿಕ್ಕಿನಿಂದ ನಡೆದು ಬಂದ ಪದವೊಂದಿದೆ: ಗೆಳೆಯ. ಹಳಗನ್ನಡದಲ್ಲಿ ಅದು ಕೆಳೆ, ಕೆಳೆಯ. ಇದರ ತಮಿಳು ಬಳಗವಾದ ಕೇಳ್, ಕಿಳೈ ಎಂಬ ಪದಗಳ ಅರ್ಥ ಬಂಧುಗಳು, ಕುಲದವರು. ಅಂದರೆ ಕನ್ನಡದಲ್ಲಿ ಗೆಳೆತನದ ಬೇರಿನ ಪದ ನೆಂಟನಾಯಿತು, ನೆಂಟರ ಬೇರಿನ ಪದ ಗೆಳೆಯನಾಯಿತು. ಹುಟ್ಟಿನಿಂದ ಬಂದವರು ಬೇರೆ, ನಾವೇ ಆರಿಸಿಕೊಂಡವರು ಬೇರೆ ಎಂದು ನಾವು ಹಾಕಿಕೊಂಡಿರುವ ಗೋಡೆ ಭಾಷೆಗೆ ಮೊದಲು ಗೊತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಆ ನಂಬಿಕೆಗೆ ಬಲ ಬಂದದ್ದು ಕಿಟ್ಟೆಲ್ ಅವರ ತಾಯಿನುಡಿಯಾದ ಜರ್ಮನ್‌ನಿಂದ.

ಜರ್ಮನ್ ಭಾಷೆಯ ‘ಫ್ರಾಯಿಂಡ್’ ಇಂದು ಸ್ನೇಹಿತ. ಸಾವಿರ ವರ್ಷದ ಹಿಂದಿನ ಜರ್ಮನ್‌ನಲ್ಲಿ ಅದು ‘ಫ್ರಿಯುಂಟ್’. ಅರ್ಥ ಸ್ನೇಹಿತ ಮತ್ತು ಬಂಧು ಎರಡೂ. ಸ್ವೀಡನ್, ಡೆನ್ಮಾರ್ಕ್‌ಗಳ ಭಾಷೆಗಳಲ್ಲಿ ಅದರ ಸೋದರ ಪದಗಳು ಬಂಧುವಿನ ಅರ್ಥದಲ್ಲೇ ನಿಂತಿವೆ. ಹಳೆಯ ಜರ್ಮನ್‌ನಲ್ಲಿ ‘ಬ್ಲೂಟ್ಸ್‌ಫ್ರಾಯಿಂಡ್’, ರಕ್ತದ ಫ್ರಾಯಿಂಡ್, ಎಂದರೆ ಒಡಲ ಸಂಬಂಧಿ. ದಕ್ಷಿಣ ಜರ್ಮನಿಯ ಶ್ವಾಬಿಯ ಸೀಮೆಯ ಆಡುನುಡಿಯಲ್ಲಿ ‘ಫ್ರಾಯಿಂಡ್‌ಶಾಫ್ಟ್’ ಅಂದರೆ ನೆಂಟರಿಷ್ಟರ ಇಡೀ ಬಳಗ. ಹಿಂದೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದ ಜರ್ಮನ್ನರ ನುಡಿಯಲ್ಲೂ ಹಾಗೆಯೇ.

ಈ ಪದದ ಬುಡ ನಮ್ಮ ಮನೆಯಲ್ಲೂ ಇದೆ. ಗೋಥಿಕ್ ಭಾಷೆಯಲ್ಲಿ ‘ಫ್ರಿಯೋನ್’ ಎಂದು ಉಳಿದಿರುವ, ಪ್ರೀತಿಸು ಎಂಬ ಅರ್ಥದ ಹಳೆಯ ಕ್ರಿಯಾಪದದಿಂದ ಫ್ರಾಯಿಂಡ್ ಹುಟ್ಟಿತು: ಪ್ರೀತಿಸುತ್ತಿರುವವನು. ಸಂಸ್ಕೃತದ ಪ್ರೀ ಧಾತು, ಅದರಿಂದ ಬಂದ ಪ್ರಿಯ, ಪ್ರೀತಿ ಎಲ್ಲವೂ ಇದೇ ಕುಲದವು. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ನಮ್ಮ ಗಾದೆಯಲ್ಲಿ ದ್ರಾವಿಡದ ನಣ್ಪೂ ಜರ್ಮನ್ ಫ್ರಾಯಿಂಡ್‌ನ ದಾಯಾದಿಯೂ ಪಕ್ಕಪಕ್ಕದಲ್ಲಿ ಕೂತಿವೆ. ಜರ್ಮನ್ನರು ಸ್ವತಂತ್ರ ಎಂಬುದಕ್ಕೆ ಹೇಳುವ ‘ಫ್ರೈ’ ಕೂಡ ಇದೇ ಬೇರಿನದು. ಮನೆಯ ಪ್ರಿಯರ ಗುಂಪಿಗೆ ಸೇರಿದವನು ಸ್ವತಂತ್ರ. ಆ ಗುಂಪಿನಲ್ಲಿ ಜಾಗವಿಲ್ಲದವನು ಗುಲಾಮ. ಹೀಗೆಂದು ಪದಶಾಸ್ತ್ರಜ್ಞರು ವಿವರಿಸುತ್ತಾರೆ. ನಾವು ‘ಬಂಧು’ ಎನ್ನುವಾಗ ಕಟ್ಟು ಎಂಬ ಅರ್ಥದ ಬಂಧ್ ಧಾತುವನ್ನು ಹಿಡಿಯುತ್ತೇವೆ. ಅದರ ಜರ್ಮನ್ ಸೋದರ ‘ಬಿಂಡೆನ್’. ಅದರಿಂದ ಒಕ್ಕೂಟ ಎಂಬ ಅರ್ಥದ ‘ಬುಂಡ್’, ಅದರಿಂದಲೇ ಅವರ ಸಂಸತ್ತಿನ ಹೆಸರು ಬುಂಡೆಸ್ಟಾಗ್. ಒಂದೇ ಸಂಬಂಧವನ್ನು ಒಂದು ಪದ ಕಟ್ಟು ಎಂದಿತು, ಇನ್ನೊಂದು ಬಿಡುಗಡೆ ಎಂದಿತು. ಎರಡೂ ನಿಜವೆಂದು ಬಲ್ಲವರೇ ಈ ಪದಗಳನ್ನು ಮಾಡಿರಬೇಕು.

ಫ್ರಾಯಿಂಡ್ ಪದವನ್ನು ಜರ್ಮನ್ ಭಾಷೆಯ ದೊಡ್ಡ ನಿಘಂಟಿಗೆ ಇಳಿಸಿದವರು ಯಾಕೋಬ್ ಗ್ರಿಮ್. ಜನಪದ ಕಥೆಗಳಿಂದ ನಮಗೆ ಗೊತ್ತಿರುವ ಗ್ರಿಮ್ ಸಹೋದರರಲ್ಲಿ ಹಿರಿಯರು. ರಾಜ್ಯಾಂಗವನ್ನು ರದ್ದುಮಾಡಿದ ಹ್ಯಾನೋವರ್ ದೊರೆಯನ್ನು ಪ್ರತಿಭಟಿಸಿ 1837ರಲ್ಲಿ ಯಾಕೋಬ್ ಮತ್ತು ವಿಲ್ಹೆಲ್ಮ್ ಇಬ್ಬರೂ ಗಟಿಂಗನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ನಿಘಂಟಿನ ಕೆಲಸ ಬಂದದ್ದು ಆ ನಿರುದ್ಯೋಗದಲ್ಲಿ. ಯಾಕೋಬ್ ಮದುವೆಯಾಗಲಿಲ್ಲ, ತಮ್ಮನ ಸಂಸಾರದೊಡನೆಯೇ ಬದುಕಿದರು. 1859ರಲ್ಲಿ ತಮ್ಮ ತೀರಿಕೊಂಡ ಮೇಲೂ ಬರೆದರು. 1863ರಲ್ಲಿ ಅವರು ಸಾಯುವಾಗ ನಿಘಂಟು ‘ಫ್ರುಖ್ಟ್’, ಅಂದರೆ ಹಣ್ಣು, ಎಂಬಲ್ಲಿಗೆ ಬಂದಿತ್ತು; ಫ್ರಾಯಿಂಡ್ ಅದಕ್ಕೆ ತುಸು ಮುಂಚೆ ಮುಗಿದಿತ್ತು. ಒಡಹುಟ್ಟಿದವನನ್ನೇ ಗೆಳೆಯನನ್ನಾಗಿ ಪಡೆದು, ಕಳೆದುಕೊಂಡ ಮನುಷ್ಯ ಆ ಪದವನ್ನು ಬರೆದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಶ್ವಾಬಿಯಕ್ಕೆ ಬರೋಣ. ಕನ್ನಡದ ಆಧುನಿಕ ಬದುಕಿನ ಒಂದು ದೊಡ್ಡ ಪಾಲು ಅಲ್ಲಿನ ಗೆಳೆತನಗಳಿಂದ ಬಂದದ್ದು. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದುತ್ತಿದ್ದಾಗ ಹರ್ಮನ್ ಮೊಗ್ಲಿಂಗ್ ಮತ್ತು ಹರ್ಮನ್ ಗುಂಡರ್ಟ್ ಸ್ನೇಹಿತರಾದರು. 1836ರಲ್ಲಿ ಇಬ್ಬರೂ ಕ್ರೈಸ್ತ ಮಿಷನ್ ಕೆಲಸಕ್ಕಾಗಿ ಭಾರತಕ್ಕೆ ಬಂದರು. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಗುಂಡರ್ಟ್ ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಕಟ್ಟಿದರು, ಅದು 1872ರಲ್ಲಿ ಬಂತು. ಹಳಗನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸುವ ಕೆಲಸದಲ್ಲಿ ಮೊಗ್ಲಿಂಗ್ ಅವರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ. ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲಿನೆಯನ್ನು ಮೊಗ್ಲಿಂಗ್ ಮದುವೆಯಾದರು. 1881ರಲ್ಲಿ ಮೊಗ್ಲಿಂಗ್ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಜೀವನಚರಿತ್ರೆ ಹೊರಬಂತು. ಬರೆದವರು ಗುಂಡರ್ಟ್. ಇವರ ನಡುವಿನದನ್ನು ಸ್ನೇಹವೆನ್ನಬೇಕೋ ನೆಂಟಸ್ತಿಕೆಯೆನ್ನಬೇಕೋ? ಆ ಸೀಮೆಯ ಹಳೆಯ ಫ್ರಾಯಿಂಡ್‌ಶಾಫ್ಟ್ ಮಾತ್ರ ಇದಕ್ಕೆಲ್ಲ ಸಾಕಾಗುತ್ತದೆ.

ಇದೇ ನಂಟು ಒಂದು ಮನೆಯನ್ನು ಒಡೆದದ್ದನ್ನೂ ಹೇಳಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮೊಗ್ಲಿಂಗ್ ಅವರ ಪ್ರಭಾವದಲ್ಲಿ 1844ರಲ್ಲಿ ಕ್ರೈಸ್ತರಾಗಿ ಗುರುವಿನ ಹೆಸರಾದ ಹರ್ಮನ್ ಎಂಬುದನ್ನೂ ತಮ್ಮ ಹೆಸರಿಗೆ ಸೇರಿಸಿಕೊಂಡರು. ಹೆಂಡತಿ ಅವರ ಹಿಂದೆ ಹೋಗಲಿಲ್ಲ, ನೆಂಟರು ದೂರವಾದರು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ ಅವರು ಮುಂದೆ 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಗುರುಶಿಷ್ಯರ ಈ ಸಂಬಂಧದ ಕಥೆ ಹೇಳುವವರು ಮಂಗಳೂರಿನಲ್ಲಿ ಹಿಂದುಳಿದ ಆ ಹೆಂಡತಿಯನ್ನು ಬಹುಪಾಲು ಮರೆತಿದ್ದಾರೆ. ಆಕೆಯ ಪಾಲಿಗೆ ಈ ಸ್ನೇಹ ಏನಾಗಿತ್ತು ಎಂದು ಕೇಳದೆ ಇದನ್ನು ಹೊಗಳುವುದು ನನ್ನಿಂದಾಗದು.

ಗುಂಡರ್ಟ್ ಅವರ ಮೊಮ್ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ತಾಯಿ ಮರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ; ತಂದೆ ಯೋಹಾನ್ನೆಸ್ ಕೂಡ ಭಾರತದಲ್ಲಿ ಮಿಷನ್ ಕೆಲಸ ಮಾಡಿದವರು. ಹೆಸ್ಸೆ 1877ರಲ್ಲಿ ಕಾಲ್ವ್ ಊರಿನಲ್ಲಿ ಹುಟ್ಟಿದ. ಪಾದ್ರಿಯಾಗಲೆಂದು ಮೌಲ್‌ಬ್ರನ್ ಮಠದ ಶಾಲೆಗೆ ಸೇರಿಸಿದರೆ, 1892ರ ಮಾರ್ಚ್‌ನಲ್ಲಿ ಅಲ್ಲಿಂದ ಓಡಿಹೋದ. ಆ ವರ್ಷವೇ ಸಾಯಲು ಯತ್ನಿಸಿದ. ಹೆತ್ತವರು ಅವನನ್ನು ಸ್ಟೆಟ್ಟನ್‌ನ ಆಶ್ರಯಧಾಮಕ್ಕೆ ಕಳಿಸಿದರು. ಅಲ್ಲಿಂದ ಹದಿನೈದರ ಹುಡುಗ ತಂದೆಗೆ ಬರೆದ ಕಾಗದಗಳಲ್ಲಿ ಸಿಟ್ಟೂ ನೋವೂ ಉಕ್ಕುತ್ತವೆ. ಅದಕ್ಕೂ ಮುಂಚೆ, ಮಠದ ಶಾಲೆಯಿಂದ ಓಡಿಹೋಗಿ ಮರಳಿದಾಗ ಅವನಿಗೆ ಎಲ್ಲರಿಗಿಂತ ಹೆಚ್ಚು ಭಯವಿದ್ದದ್ದು ಅಜ್ಜನದು. ಅಜ್ಜ ಬೈಯಲಿಲ್ಲ, ತಮ್ಮ ವಿದ್ಯಾರ್ಥಿ ದಿನಗಳ ಮಾತೊಂದನ್ನು ಬಳಸಿ, ಪ್ರತಿಭಾವಂತರು ಮಾಡುವ ಪುಟ್ಟ ಪ್ರವಾಸ ಮಾಡಿ ಬಂದೆಯಂತೆ ಎಂದು ಕೇಳಿದರಂತೆ. ಹೆಸ್ಸೆ ಅದನ್ನು ಮರೆಯಲಿಲ್ಲ. ಒಂದೇ ಮನೆ, ಒಂದೇ ರಕ್ತ, ಒಂದೇ ಧರ್ಮಶ್ರದ್ಧೆ. ಒಬ್ಬರ ಮಾತು ಹುಡುಗನನ್ನು ಹಿಂಡಿತು, ಇನ್ನೊಬ್ಬರ ಮಾತು ಎತ್ತಿ ನಿಲ್ಲಿಸಿತು. 1922ರಲ್ಲಿ ಬಂದ ಅವನ ‘ಸಿದ್ಧಾರ್ಥ’ ಕಾದಂಬರಿಯ ಮೊದಲ ಭಾಗ ಸ್ನೇಹಿತ ರೊಮೇನ್ ರೋಲಾಂಗೆ ಅರ್ಪಿತ, ಎರಡನೆಯದು ಜಪಾನಿನಲ್ಲಿದ್ದ ಸೋದರಸಂಬಂಧಿ ವಿಲ್ಹೆಲ್ಮ್ ಗುಂಡರ್ಟ್‌ಗೆ. ಗೆಳೆಯನಿಗೊಂದು ಭಾಗ, ನೆಂಟನಿಗೊಂದು ಭಾಗ.

ಫ್ರಾಯಿಂಡ್‌ಗೆ ಒಬ್ಬ ಅವಳಿ ಇದ್ದಾನೆ: ‘ಫೈಂಡ್’, ಶತ್ರು. ಪ್ರೀತಿಸುತ್ತಿರುವವನು, ದ್ವೇಷಿಸುತ್ತಿರುವವನು ಎಂದು ಎರಡೂ ಒಂದೇ ಅಚ್ಚಿನಲ್ಲಿ ಮಾಡಿದ ಪದಗಳು. ಈ ಜೋಡಿಯೇ ರಾಜಕೀಯದ ತಿರುಳು ಎಂದು ಕಾರ್ಲ್ ಶ್ಮಿಟ್ ಎಂಬ ನ್ಯಾಯಶಾಸ್ತ್ರಜ್ಞ 1927ರಲ್ಲಿ ಬರೆದ. 1933ರಲ್ಲಿ ನಾಜಿ ಪಕ್ಷ ಸೇರಿದ. 1935ರ ನ್ಯೂರೆಂಬರ್ಗ್ ಕಾನೂನುಗಳು ಅಜ್ಜ ಅಜ್ಜಿಯರ ಧರ್ಮ ನೋಡಿ ಯಹೂದಿ ಯಾರೆಂದು ತೀರ್ಮಾನಿಸಿದವು, ಯಹೂದಿಗಳು ಮತ್ತು ಇತರ ಜರ್ಮನ್ನರ ನಡುವಿನ ಮದುವೆಗಳನ್ನು ನಿಷೇಧಿಸಿದವು. ನೆಂಟಸ್ತಿಕೆಯ ಲೆಕ್ಕ ಸಾವಿನ ಪಟ್ಟಿಯಾಯಿತು. ಆಮೇಲೆ ಪೂರ್ವ ಜರ್ಮನಿಯ ಸರ್ಕಾರಿ ಯುವಸಂಘದಲ್ಲಿ ಎದುರಾದವರು ಹೇಳಬೇಕಿದ್ದ ನಮಸ್ಕಾರವೇ ‘ಫ್ರಾಯಿಂಡ್‌ಶಾಫ್ಟ್!’ ಅದೇ ದೇಶದ ಗುಪ್ತದಳ ಸ್ಟಾಸಿಗೆ 1989ರಲ್ಲಿ ಸುಮಾರು 90 ಸಾವಿರ ನೌಕರರೂ, ಅದಕ್ಕಿಂತ ಬಹಳ ಹೆಚ್ಚು ಗುಪ್ತ ಮಾಹಿತಿದಾರರೂ ಇದ್ದರು. 1992ರಲ್ಲಿ ಕಡತಗಳು ಜನರಿಗೆ ತೆರೆದಾಗ, ಹೋರಾಟಗಾರ್ತಿ ವೆರಾ ವೊಲೆನ್‌ಬರ್ಗರ್ ಅವರಿಗೆ ತಮ್ಮ ಮೇಲೆ ವರದಿ ಕೊಡುತ್ತಿದ್ದವರು ಸ್ವಂತ ಗಂಡನೆಂದು ಗೊತ್ತಾಯಿತು.

ಇಂದಿನ ಜರ್ಮನ್ನರು ಫ್ರಾಯಿಂಡ್ ಎಂಬುದನ್ನು ಎಲ್ಲರಿಗೂ ಹಂಚುವುದಿಲ್ಲ. ಕಚೇರಿಯಲ್ಲಿ ದಿನವೂ ಕಾಫಿ ಕುಡಿಯುವವರು ‘ಬೆಕಾಂಟರ್’, ಪರಿಚಿತರು. ಅಲ್ಲಿಗೆ ಹೋದ ನಮ್ಮವರಿಗೆ ಇದು ಮೊದಮೊದಲು ಬಿಗುಮಾನವಾಗಿ ಕಾಣುತ್ತದೆ. ನನಗೆ ಅದು ಪದದ ಹಳೆಯ ತೂಕ ಉಳಿದಿರುವ ಗುರುತು. ನೆಂಟನಷ್ಟು ಹೊರೆ ಹೊರಬಲ್ಲವನಿಗೆ ಮಾತ್ರ ಆ ಹೆಸರು. ಫ್ರಾಂಕ್‌ಫರ್ಟ್ ಸುತ್ತಮುತ್ತಲ ಕನ್ನಡಿಗರು ರೈನ್-ಮೈನ್ ಕನ್ನಡ ಸಂಘ ಕಟ್ಟಿಕೊಂಡಿದ್ದಾರೆ. ಚಿಕ್ಕಮ್ಮ, ಸೋದರಮಾವ ದೂರ ಉಳಿದ ಊರಿನಲ್ಲಿ ಬಾಣಂತನಕ್ಕೆ, ಆಸ್ಪತ್ರೆಗೆ ಒದಗುವವರು ಹೀಗೆ ಕೂಡಿಕೊಂಡ ಗೆಳೆಯರು. ಅವರ ನಡುವೆ ನಣ್ಪು ತನ್ನ ಮೊದಲ ಅರ್ಥಕ್ಕೆ ಮರಳಿದೆ.

ಶ್ವಾಬಿಯದ ಹಳೆಯ ಫ್ರಾಯಿಂಡ್‌ಶಾಫ್ಟ್ ಆಡುನುಡಿಯ ಜೊತೆಗೇ ಸವೆಯುತ್ತಿದೆ. ನಮ್ಮಲ್ಲೂ ನಂಟಿನ ಊರೂರಿನ ಅರ್ಥಗಳನ್ನು ಪತ್ರಿಕೆಯ ತಲೆಬರಹ ನುಂಗುತ್ತಿದೆ. ನಿಮ್ಮ ಕಡೆ ನೆಂಟ, ನಂಟಸ್ತನ ಎಂಬ ಮಾತುಗಳು ರಕ್ತಸಂಬಂಧವಿಲ್ಲದವರಿಗೂ ಸಲ್ಲುತ್ತವೆಯೇ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ ಊರಿನ ಹೆಸರು ಸಮೇತ ಬರೆದಿಡಿ.