ಗಾಥಿಕ್ ಮತ್ತು ಗ್ರೊಟೆಸ್ಕ್ (ಆಧುನಿಕ ಕಾವ್ಯದಲ್ಲಿ)

ಭಯವನ್ನೂ ಜುಗುಪ್ಸೆಯನ್ನೂ ಕಾವ್ಯದ ನಡುಮನೆಗೆ ಕರೆತಂದ ಎರಡು ಐರೋಪ್ಯ ಪರಂಪರೆಗಳು. ಗ್ರೊಟೆಸ್ಕ್ ಮೊದಲು ಚಿತ್ರಕಲೆಯ ಮಾತು. 15ನೆಯ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಹೂತುಹೋಗಿದ್ದ ನೀರೋನ ಅರಮನೆ ಪತ್ತೆಯಾದಾಗ ಅದರ ಗೋಡೆಗಳಲ್ಲಿ ಅರೆ ಮನುಷ್ಯ, ಅರೆ ಬಳ್ಳಿಯಾದ ಆಕೃತಿಗಳು ಕಂಡವು. ಅಂಥ ಬೆರಕೆ ರೂಪಗಳಿಗೆಲ್ಲ ಈ ಹೆಸರು ನಿಂತಿತು. ಗಾಥಿಕ್ ಶುರುವಾದದ್ದು ಹೊರೇಸ್ ವಾಲ್ಪೋಲನ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ (1764) ಕಾದಂಬರಿಯಿಂದ. ಕೋಟೆ, ನೆಲಮಾಳಿಗೆ, ವಂಶಕ್ಕೆ ತಗುಲಿದ ಶಾಪ ಅದರ ಸಾಮಗ್ರಿ. ಕೋಲ್‌ರಿಜ್‌ನ ‘ಕ್ರಿಸ್ಟಬೆಲ್’ (1816), ಎಡ್ಗರ್ ಅಲನ್ ಪೋನ ‘ದ ರೇವನ್’ (1845) ಈ ಭಯವನ್ನು ಪದ್ಯದಲ್ಲಿ ಬೆಳೆಸಿದವು.

ಈ ಭಯವನ್ನು ಕೋಟೆಯಿಂದ ಬೀದಿಗೆ ಇಳಿಸಿದವನು ಫ್ರೆಂಚ್ ಕವಿ ಬೋದಿಲೇರ್. 1857ರ ಅವನ ಸಂಕಲನದಲ್ಲಿ ದಾರಿಬದಿಯಲ್ಲಿ ಕೊಳೆಯುತ್ತಿರುವ ಪ್ರಾಣಿಯ ಹೆಣ ಪ್ರೇಮಕವಿತೆಯೊಂದರ ವಸ್ತು. ಸಂಕಲನದ ಬೇರೆ ಆರು ಕವಿತೆಗಳನ್ನು ನ್ಯಾಯಾಲಯ ನಿಷೇಧಿಸಿತು. ಆ ತೀರ್ಪು ರದ್ದಾದದ್ದು 1949ರಲ್ಲಿ. ಈ ಕೃತಿಯನ್ನು ಪಿ. ಲಂಕೇಶ್ ‘ಪಾಪದ ಹೂಗಳು’ ಎಂದು ಕನ್ನಡಿಸಿದರು. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ನಡೆವ ದುರ್ಯೋಧನನನ್ನು ಮರುಳುಗಳು (ಪಿಶಾಚಿಗಳು) ಹಂಗಿಸುವುದನ್ನು ಬಲ್ಲ ಓದುಗರಿಗೆ ಬೀಭತ್ಸ ಹೊಸದಲ್ಲ. ಆದರೆ ಅಲ್ಲಿ ಅದರ ಬೆನ್ನಿಗೆ ಒಂದು ಮಹಾಯುದ್ಧವಿದೆ. ಬೋದಿಲೇರನ ಹೆಣಕ್ಕೆ ಯಾವ ಕಥೆಯೂ ಇಲ್ಲ.

ಈ ದಾರಿಯಲ್ಲಿ ಅತಿ ದೂರ ಹೋದವನು ಜರ್ಮನಿಯ ಗಾಟ್‌ಫ್ರೀಡ್ ಬೆನ್. ವೃತ್ತಿಯಲ್ಲಿ ವೈದ್ಯ, ಶವಪರೀಕ್ಷೆ ಮಾಡಿ ಬಲ್ಲವನು. 1912ರ ‘ಮಾರ್ಗ್’ (ಶವಾಗಾರ) ಸಂಕಲನದ ಮೊದಲ ಕವಿತೆಯಲ್ಲಿ ನೀರಿಗೆ ಬಿದ್ದು ಸತ್ತ ಬಿಯರ್ ಗಾಡಿಯವನ ದೇಹ ಮೇಜಿನ ಮೇಲಿದೆ. ಅವನ ಹಲ್ಲುಗಳ ನಡುವೆ ಯಾರೋ ಸಿಕ್ಕಿಸಿದ ಒಂದು ಆಸ್ಟರ್ ಹೂ. ಕೊಯ್ದ ವೈದ್ಯ ಹೊಲಿಗೆ ಹಾಕುವಾಗ ಹೂವನ್ನು ಎದೆಗೂಡಿನೊಳಗೆ ಇಟ್ಟು, ಶಾಂತಿಯಿಂದ ಮಲಗು ಎಂದು ಹೂವಿಗೆ ಹೇಳುತ್ತಾನೆ, ಮನುಷ್ಯನಿಗಲ್ಲ. ಓದುಗನಿಗೆ ನಿಜವಾಗಿ ಅಸಹ್ಯವಾಗುವುದು ಕೊಯ್ದ ದೇಹವಲ್ಲ, ಈ ತಪ್ಪಿದ ಕರುಣೆ.

ಸಿಲ್ವಿಯಾ ಪ್ಲಾತ್‌ಳ ‘ಏರಿಯಲ್’ (1965), ಟೆಡ್ ಹ್ಯೂಸ್‌ನ ‘ಕ್ರೋ’ (1970), ಗ್ರಿಮ್ ಸೋದರರ ಕಥೆಗಳನ್ನು ತಿರುಗಿ ಹೇಳಿದ ಆ್ಯನ್ ಸೆಕ್ಸ್‌ಟನ್‌ಳ ‘ಟ್ರಾನ್ಸ್‌ಫರ್ಮೇಶನ್ಸ್’ (1971) ನಂತರದ ಘಟ್ಟ. ಇಲ್ಲಿ ಭೂತದ ಮನೆ ಎಂದರೆ ಸ್ವಂತ ದೇಹ, ಸ್ವಂತ ಸಂಸಾರ.

ಇಂದು ಈ ಪರಂಪರೆಯ ಅತಿ ಬಲವಾದ ದನಿ ದಕ್ಷಿಣ ಕೊರಿಯಾದ ಕಿಮ್ ಹೆಸೂನ್ (ಜನನ 1955) ಅವರದು. 2014ರಲ್ಲಿ ಆ ದೇಶದ ಸೆವೊಲ್ ಹಡಗು ಮುಳುಗಿ 300ಕ್ಕೂ ಹೆಚ್ಚು ಮಂದಿ ಸತ್ತರು. ಬಹುಪಾಲು ಶಾಲಾ ಮಕ್ಕಳು. ಆ ಸಾವುಗಳ ನೆರಳಿನಲ್ಲಿ ಬಂದ ಅವರ ‘ಮರಣದ ಆತ್ಮಕಥೆ’ಯಲ್ಲಿ 49 ಕವಿತೆಗಳಿವೆ: ಬೌದ್ಧ ನಂಬಿಕೆಯಂತೆ ಸತ್ತವರು ಮರುಹುಟ್ಟಿಗೆ ಮೊದಲು ಅಲೆಯುವ ದಿನಗಳಷ್ಟು. ಮೊದಲ ದಿನ ಹೆಂಗಸೊಬ್ಬಳು ಮೆಟ್ರೊದಲ್ಲಿ ಸಾಯುತ್ತಾಳೆ, ದೇಹವನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೊರಡುತ್ತಾಳೆ. ಡಾನ್ ಮೀ ಚೊಯ್ ಅವರ ಇಂಗ್ಲಿಷ್ ಅನುವಾದಕ್ಕೆ 2019ರಲ್ಲಿ ಕೆನಡಾದ ಗ್ರಿಫಿನ್ ಅಂತರರಾಷ್ಟ್ರೀಯ ಕಾವ್ಯ ಪ್ರಶಸ್ತಿ ಬಂತು.