ಅರಬ್ಬೀ ಸಮುದ್ರದ ಹಡಗುಗಳೂ ತಿಮಿಂಗಿಲಗಳೂ: ಒಂದು ಐತಿಹಾಸಿಕ ವಿವೇಚನೆ

1

ಕರ್ನಾಟಕದ ಕಡಲ ಇತಿಹಾಸವನ್ನು ಕುರಿತು ಇದುವರೆಗೆ ನಡೆದಿರುವ ಅಧ್ಯಯನವು ಬಹುಮಟ್ಟಿಗೆ ಬಂದರುಗಳ, ವರ್ತಕಸಂಘಗಳ ಹಾಗೂ ಅರಸುಮನೆತನಗಳ ಅಧ್ಯಯನವಾಗಿದೆ. ಗೋವೆಯ ಕದಂಬರ ನೌಕಾಬಲ, ಬಾರಕೂರು ಬಸರೂರುಗಳ ವ್ಯಾಪಾರ, ಶಾಸನಗಳಲ್ಲಿ ಬರುವ ‘ಹಂಜಮಾನ’ದ ಪರದೇಶಿ ವರ್ತಕರು, ಹೊನ್ನಾವರ ಭಟ್ಕಳಗಳ ಮೇಲೆ ಪೋರ್ತುಗೀಜರು ನಡೆಸಿದ ದಾಳಿಗಳು, ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯಗಳೇ. ಆದರೆ ಈ ಎಲ್ಲ ಕಥನಗಳಲ್ಲಿಯೂ ಸಮುದ್ರವು ಎರಡು ರೇವುಗಳ ನಡುವಣ ನಿರ್ಜನವಾದ ಹಾದಿಯಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಆ ಹಾದಿಯು ಮನುಷ್ಯನಿಗಿಂತ ಬಹು ಪೂರ್ವದಲ್ಲಿಯೇ ಬೇರೊಂದು ಜೀವಕೋಟಿಯ ನೆಲೆಯಾಗಿತ್ತೆಂಬುದನ್ನು ಇತಿಹಾಸಕಾರರು ಗಮನಿಸಿದ್ದು ವಿರಳ. ಆ ಜೀವಿಗಳಲ್ಲಿ ಅತ್ಯಂತ ದೊಡ್ಡದಾದ ತಿಮಿಂಗಿಲಕ್ಕೂ ನಮ್ಮ ಹಡಗುಗಳಿಗೂ ಕಾಲಕಾಲಕ್ಕೆ ಒದಗಿದ ಸಂಬಂಧವನ್ನು ಪರಿಶೀಲಿಸಿ, ಇಂದು ಹಡಗಿನ ಡಿಕ್ಕಿಯಿಂದಲೂ ನೀರೊಳಗಣ ಸದ್ದಿನಿಂದಲೂ ಆ ಪ್ರಾಣಿಗೆ ಬಂದೊದಗಿರುವ ವಿಪತ್ತಿನ ಮೂಲವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹುಬ್ಬಳ್ಳಿ ಧಾರವಾಡಗಳು ಕಡಲಿನಿಂದ ದೂರವಿರುವ ಊರುಗಳು. ಇಲ್ಲಿ ಕುಳಿತು ತಿಮಿಂಗಿಲದ ಮಾತನ್ನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಘಟ್ಟದ ಮೇಲಣ ನಮ್ಮ ನಾಡಿಗೂ ಆ ಪ್ರಾಣಿಗೂ ಇರುವ ನಂಟು ಎಂತಹದೆಂಬುದು ಮುಂದಿನ ವಿವೇಚನೆಯಿಂದ ವಿದಿತವಾಗುವುದು.

2

‘ತಿಮಿಂಗಿಲ’ ಎಂಬ ಶಬ್ದವೇ ಪ್ರಾಚೀನರ ಭಾವನೆಯನ್ನು ಹೇಳುತ್ತದೆ. ‘ತಿಮಿ’ ಎಂದರೆ ಮಹಾಮತ್ಸ್ಯ; ಅದನ್ನೂ ನುಂಗುವುದು ತಿಮಿಂಗಿಲ. ಅಮರಕೋಶದ ವಾರಿವರ್ಗದಲ್ಲಿ ಈ ಎರಡು ಹೆಸರುಗಳೂ ಬಂದಿವೆ. ಸಮುದ್ರವರ್ಣನೆಯು ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಒಂದಾದುದರಿಂದ, ಕಡಲನ್ನು ಎಂದೂ ಕಾಣದ ಕವಿಗೂ ಈ ಪ್ರಾಣಿಯ ಹೆಸರು ಅಪರಿಚಿತವಾಗಿರಲಿಲ್ಲ. ಅದು ಅಳತೆಗೆ ಮೀರಿದುದರ, ಭಯಂಕರವಾದುದರ ಸಂಕೇತವಾಗಿತ್ತು.

ಅರಬ್ಬೀ ಸಮುದ್ರದಲ್ಲಿ ಹಡಗೂ ತಿಮಿಂಗಿಲವೂ ಎದುರಾದ ಅತಿ ಪ್ರಾಚೀನ ವೃತ್ತಾಂತಗಳಲ್ಲೊಂದು ಗ್ರೀಕರದು. ಕ್ರಿ. ಪೂ. 325ರಲ್ಲಿ ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನು ಸಿಂಧೂ ನದಿಯ ಮುಖದಿಂದ ಪಶ್ಚಿಮಕ್ಕೆ ಹೊರಟು ಮಕ್ರಾನ್ ತೀರವನ್ನು ಹಿಡಿದು ಸಾಗುತ್ತಿದ್ದಾಗ, ಸಮುದ್ರದ ನೀರು ಕಾರಂಜಿಯಂತೆ ಮೇಲಕ್ಕೆ ಚಿಮ್ಮುವುದು ಕಂಡುಬಂದಿತು. ಇವು ತಿಮಿಂಗಿಲಗಳೆಂದು ಮಾರ್ಗದರ್ಶಕರು ತಿಳಿಸಲು, ನಾವಿಕರು ಭಯದಿಂದ ಕೈಯಲ್ಲಿದ್ದ ಹುಟ್ಟುಗಳನ್ನೇ ಬಿಟ್ಟುಬಿಟ್ಟರು. ನಿಯಾರ್ಕಸನು ಅವರಿಗೆ ಧೈರ್ಯ ಹೇಳಿ, ಹಡಗುಗಳನ್ನು ಯುದ್ಧಕ್ಕೆಂಬಂತೆ ಎದುರುಮುಖವಾಗಿ ನಿಲ್ಲಿಸಿ, ರಣಘೋಷ ಮಾಡುತ್ತ, ಕಹಳೆಗಳನ್ನೂದುತ್ತ, ಹುಟ್ಟುಗಳಿಂದ ನೀರನ್ನು ಬಡಿದು ಸದ್ದುಮಾಡುತ್ತ ಮುನ್ನುಗ್ಗಿಸಿದನು. ತಿಮಿಂಗಿಲಗಳು ಆ ಗದ್ದಲಕ್ಕೆ ಮುಳುಗಿ, ಹಡಗುಗಳು ದಾಟಿದ ಮೇಲೆ ಹಿಂದೆ ಮೇಲೆದ್ದವು. ಈ ಪ್ರಸಂಗವನ್ನು ಏರಿಯನ್ನನು ತನ್ನ ‘ಇಂಡಿಕಾ’ ಗ್ರಂಥದಲ್ಲಿ ಸಂಗ್ರಹಿಸಿದ್ದಾನೆ. ಆ ತೀರದ ಮತ್ಸ್ಯಾಹಾರಿ ಜನರು, ದಡಕ್ಕೆ ಬಂದು ಬಿದ್ದ ತಿಮಿಂಗಿಲಗಳ ಎಲುಬುಗಳಿಂದ ಮನೆ ಕಟ್ಟುತ್ತಿದ್ದರೆಂದೂ ಅವನಿಂದಲೇ ತಿಳಿದುಬರುತ್ತದೆ.

ಇದಾಗಿ ಸಾವಿರಕ್ಕೂ ಮಿಕ್ಕ ವರ್ಷಗಳ ತರುವಾಯ, ಕ್ರಿ. ಶ. 851ರ ‘ಅಖ್ಬಾರ್ ಅಸ್ಸೀನ್ ವಲ್ ಹಿಂದ್’ ಎಂಬ ಅರಬ್ಬೀ ವೃತ್ತಾಂತದಲ್ಲಿಯೂ ಇದೇ ಉಪಾಯದ ಉಲ್ಲೇಖವುಂಟು. ರಾತ್ರಿಯ ಹೊತ್ತು ಈ ಮಹಾಮತ್ಸ್ಯವು ಹಡಗಿಗೆ ತಗುಲಿ ಅದನ್ನು ಮುಳುಗಿಸೀತೆಂದು ಹೆದರಿದ ನಾವಿಕರು ಮರದ ತುಂಡುಗಳನ್ನು ಬಡಿದು ಸದ್ದುಮಾಡುತ್ತಿದ್ದರು. 10ನೆಯ ಶತಮಾನದ ಅಲ್ ಮಸೂದಿಯೂ ಇಂತಹುದೇ ವಾಡಿಕೆಯನ್ನು ಹೇಳಿದ್ದಾನೆ.

ಈ ವೃತ್ತಾಂತಗಳಲ್ಲಿ ಉತ್ಪ್ರೇಕ್ಷೆಯ ಅಂಶವಿದ್ದರೂ ಎರಡು ಸಂಗತಿಗಳು ನಿಸ್ಸಂದೇಹವಾಗಿ ಹೊರಪಡುತ್ತವೆ. ಹಡಗು ಮತ್ತು ತಿಮಿಂಗಿಲಗಳ ಘರ್ಷಣೆಯಲ್ಲಿ ಅಪಾಯವು ಹಡಗಿಗೇ ಹೆಚ್ಚೆಂಬ ನಂಬಿಕೆ ಆಗ ಪ್ರಚಲಿತವಾಗಿತ್ತು. ಸದ್ದು ಈ ಪ್ರಾಣಿಯನ್ನು ಕದಲಿಸುತ್ತದೆಂಬ ಅರಿವು ಕಡಲಿಗರಿಗೆ ಅನುಭವದಿಂದಲೇ ಉಂಟಾಗಿದ್ದಿತು. ಅಂದು ಮನುಷ್ಯನು ತನ್ನ ರಕ್ಷಣೆಗಾಗಿ ಒಂದು ಗಳಿಗೆ ಮಾಡುತ್ತಿದ್ದ ಸದ್ದು ಇಂದು ಹಗಲಿರುಳೂ ನಿಲ್ಲದ ಮೊಳಗಾಗಿ ಪರಿಣಮಿಸಿದೆ.

3

ಈ ಮಾರ್ಪಾಟು ಎಂದು ಆರಂಭವಾಯಿತು? ಹಾಯಿಹಡಗುಗಳ ಯುಗದಲ್ಲಿ ಕನ್ನಡ ಕರಾವಳಿಯ ಮಂಜಿ, ಮಚವೆ, ಪತ್ತೇಮಾರಿಗಳು ಗಾಳಿಯನ್ನು ನಂಬಿ ನಡೆಯುತ್ತಿದ್ದವು. ಅವುಗಳ ಗತಿ ಮಂದ, ಅವುಗಳಲ್ಲಿ ಯಂತ್ರವಿರಲಿಲ್ಲ. ಮಳೆಗಾಲದಲ್ಲಿ ರೇವುಗಳು ಮುಚ್ಚಿ, ಹಡಗುಗಳು ದಡ ಸೇರುತ್ತಿದ್ದವು. ಕಡಲ ವ್ಯಾಪಾರಕ್ಕೆ ಋತುಮಾನವೇ ಒಡೆಯನಾಗಿದ್ದ ಆ ಕಾಲದಲ್ಲಿ ಸಮುದ್ರಕ್ಕೂ ವರ್ಷಕ್ಕೊಮ್ಮೆ ವಿಶ್ರಾಂತಿ ದೊರೆಯುತ್ತಿತ್ತೆಂದು ಹೇಳಬಹುದು.

ಉಗಿಹಡಗು ಈ ವ್ಯವಸ್ಥೆಯನ್ನು ಮುರಿಯಿತು. 1869ರಲ್ಲಿ ಸೂಯೆಜ್ ಕಾಲುವೆಯು ತೆರೆದ ಮೇಲೆ ಅರಬ್ಬೀ ಸಮುದ್ರವು ಪೂರ್ವ ಪಶ್ಚಿಮಗಳ ನಡುವಣ ಹೆದ್ದಾರಿಯಾಯಿತು. ಹಡಗಿನ ಡಿಕ್ಕಿಯಿಂದ ತಿಮಿಂಗಿಲಗಳು ಸತ್ತ ದಾಖಲೆಗಳನ್ನು ಸಂಗ್ರಹಿಸಿದ ವಿದ್ವಾಂಸರು, ಇಂತಹ ಮರಣಗಳು 19ನೆಯ ಶತಮಾನದ ಕೊನೆಗೆ, ಹಡಗುಗಳ ವೇಗವು 13ರಿಂದ 15 ನಾಟ್‌ಗಳಿಗೆ ಏರಿದಾಗ ಮೊದಲ್ಗೊಂಡುವೆಂದೂ, 1950ರವರೆಗೆ ವಿರಳವಾಗಿದ್ದು ಆಮೇಲೆ ಹೆಚ್ಚಿದುವೆಂದೂ ನಿರ್ಣಯಿಸಿದ್ದಾರೆ. (ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರಿನಷ್ಟು ವೇಗ.)

ಇಲ್ಲಿಯೇ ನಮ್ಮ ಜಿಲ್ಲೆಯ ಪಾತ್ರವು ಬರುತ್ತದೆ. 1861ರಿಂದ 1865ರವರೆಗೆ ನಡೆದ ಅಮೇರಿಕದ ಅಂತರ್ಯುದ್ಧದಿಂದ ಲ್ಯಾಂಕಶಾಯರಿನ ಗಿರಣಿಗಳಿಗೆ ಹತ್ತಿಯ ಅಭಾವವಾದಾಗ, ಧಾರವಾಡ ಸೀಮೆಯ ಹತ್ತಿಯ ಮೇಲೆ ಇಂಗ್ಲಿಷ್ ವರ್ತಕರ ಕಣ್ಣು ಬಿದ್ದಿತು. ಆ ಹತ್ತಿಯನ್ನು ಘಟ್ಟ ಇಳಿಸಿ ಸದಾಶಿವಗಡ ಕಾರವಾರಗಳ ರೇವಿಗೆ ಮುಟ್ಟಿಸಬೇಕೆಂಬ ಒತ್ತಾಯವು ಬಲವಾಯಿತು. 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರಭಾಗವನ್ನು ಮದ್ರಾಸ್ ಆಧಿಪತ್ಯದಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದರಲ್ಲಿ ಈ ಹತ್ತಿಯ ಹಿತವೂ ಅಡಗಿತ್ತು. ಮುಂದೆ, 1890ರ ಹೊತ್ತಿಗೆ, ಹುಬ್ಬಳ್ಳಿಯು ಲೋಂಡಾ ಮಾರ್ಗವಾಗಿ ಮುರಗಾಂವಿಗೆ ರೈಲಿನಿಂದ ಜೋಡಣೆಗೊಂಡಿತು. 20ನೆಯ ಶತಮಾನದಲ್ಲಿ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಬಳ್ಳಾರಿ ಹೊಸಪೇಟೆಗಳ ಕಬ್ಬಿಣದ ಅದಿರು, 2010ರಲ್ಲಿ ರಾಜ್ಯಸರಕಾರವು ಅದರ ರಫ್ತನ್ನು ನಿಷೇಧಿಸುವವರೆಗೂ, ಸಾಲುಸಾಲು ಲಾರಿಗಳಲ್ಲಿ ಹುಬ್ಬಳ್ಳಿಯನ್ನು ಹಾದು ಅಂಕೋಲೆಯ ಬೇಲೇಕೇರಿ ಮತ್ತು ಕಾರವಾರ ಬಂದರುಗಳನ್ನು ಮುಟ್ಟುತ್ತಿತ್ತು. ಬಯಲುಸೀಮೆಯ ಹೊಲದ ಹತ್ತಿಯೂ ಗಣಿಯ ಅದಿರೂ ರೇವಿನಲ್ಲಿ ನಮ್ಮ ಕಣ್ಣಿಗೆ ಮರೆಯಾದರೂ ಅಲ್ಲಿಗೆ ಅವುಗಳ ಯಾತ್ರೆ ಮುಗಿಯುವುದಿಲ್ಲ. ಹುಬ್ಬಳ್ಳಿ ಅಂಕೋಲಾ ರೈಲುಮಾರ್ಗದ ದೀರ್ಘ ಚರ್ಚೆಯಲ್ಲಿ ಘಟ್ಟದ ಕಾಡಿನ ಹಾನಿಯನ್ನು ತೂಗಿ ನೋಡಿದುದು ಯೋಗ್ಯವೇ ಸರಿ. ಆದರೆ ಆ ಹಾದಿಯ ಮುಂದುವರಿಕೆಯಾದ ಕಡಲಹಾದಿಯ ಹಾನಿಯನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಾದುದು.

4

ಅರಬ್ಬೀ ಸಮುದ್ರದ ತಿಮಿಂಗಿಲಗಳಲ್ಲಿ ಗೂನುಬೆನ್ನಿನ ತಿಮಿಂಗಿಲದ ಸ್ಥಿತಿಯು ವಿಶೇಷವಾಗಿ ಶೋಚನೀಯವಾದುದು. ಬೇರೆ ಸಾಗರಗಳಲ್ಲಿ ಈ ಜಾತಿಯ ಪ್ರಾಣಿಗಳು ಧ್ರುವಪ್ರದೇಶದ ಸಮೀಪದಿಂದ ಉಷ್ಣವಲಯಕ್ಕೆ ವರ್ಷವರ್ಷವೂ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ಮಾತ್ರ ವರ್ಷವಿಡೀ ಇಲ್ಲಿಯೇ ಇದ್ದು, ಇಲ್ಲಿಯೇ ಮರಿಹಾಕಿ, ಇಲ್ಲಿಯೇ ಮೇಯುತ್ತವೆ. ನೈಋತ್ಯ ಮಾರುತದಿಂದ ತಳದ ನೀರು ಮೇಲೆದ್ದು ಆಹಾರವು ಸಮೃದ್ಧವಾಗುವುದೇ ಇದಕ್ಕೆ ಕಾರಣ. 1965 ಮತ್ತು 1966ರಲ್ಲಿ ಸೋವಿಯತ್ ಬೇಟೆಹಡಗುಗಳು ಈ ಸಮುದ್ರದಲ್ಲಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕಾನೂನುಬಾಹಿರವಾಗಿ ಕೊಂದುವು. ಈ ಸತ್ಯವು 1990ರ ದಶಕದಲ್ಲಿ, ಸೋವಿಯತ್ ಒಕ್ಕೂಟವು ಅಳಿದ ಮೇಲೆ, ಅಲ್ಲಿಯ ವಿಜ್ಞಾನಿಗಳು ಕಾದಿರಿಸಿದ್ದ ದಾಖಲೆಗಳಿಂದ ಬೆಳಕಿಗೆ ಬಂದಿತು. ಸರಕಾರದ ಅಧಿಕೃತ ಅಂಕಿಗಳು ಸುಳ್ಳಾಗಿದ್ದು, ಬಚ್ಚಿಟ್ಟ ಕಾಗದಗಳು ನಿಜವಾದ ಈ ಪ್ರಸಂಗವು ಇತಿಹಾಸದ ವಿದ್ಯಾರ್ಥಿಗಳಿಗೆ ಆಕರವಿಮರ್ಶೆಯ ಒಳ್ಳೆಯ ಪಾಠವಾಗಿದೆ. 2000ದಿಂದ 2004ರವರೆಗೆ ಓಮಾನ್ ತೀರದಲ್ಲಿ ನಡೆಸಿದ ಗಣನೆಯಂತೆ ಅಲ್ಲಿ ಉಳಿದಿದ್ದವು ಸುಮಾರು 80 ಮಾತ್ರ.

ಈ ಪ್ರಾಣಿಗಳು ಓಮಾನಿಗೆ ಸೇರಿದುವು, ನಮಗೇನು ಎಂಬ ಪ್ರಶ್ನೆಗೆ 2017ರಲ್ಲಿ ಉತ್ತರ ದೊರೆಯಿತು. ಓಮಾನ್ ತೀರದಲ್ಲಿ ಉಪಗ್ರಹಸೂಚಕವನ್ನು ತೊಡಿಸಿದ ‘ಲೂನಾ’ ಎಂಬ ಹೆಣ್ಣು ತಿಮಿಂಗಿಲವು ಆ ವರ್ಷದ ಡಿಸೆಂಬರಿನಲ್ಲಿ ಅರಬ್ಬೀ ಸಮುದ್ರವನ್ನು ದಾಟಿ, ಗೋವೆಯ ಎದುರಿನ ಕಡಲಿಗೆ ಬಂದು, ಅಲ್ಲಿಂದ ತೆಂಕಣಕ್ಕೆ ಸಾಗಿ ಭಾರತದ ದಕ್ಷಿಣದ ತುದಿಯವರೆಗೆ ಹೋಗಿ, 2018ರಲ್ಲಿ ಓಮಾನಿಗೆ ಮರಳಿತು. ಗೋವೆಗೂ ದಕ್ಷಿಣದ ತುದಿಗೂ ನಡುವೆ ಇರುವುದು ನಮ್ಮ ಕಾರವಾರ, ಭಟ್ಕಳ, ಮಂಗಳೂರುಗಳ ಕಡಲೇ. ಮಂಗಳೂರಿನ ನೈಋತ್ಯಕ್ಕಿರುವ ಲಕ್ಷದ್ವೀಪದ ಕವರತ್ತಿಯ ಬಳಿ ನೀರೊಳಗೆ ಇಳಿಬಿಟ್ಟ ಧ್ವನಿಗ್ರಾಹಕಗಳಲ್ಲಿ ನೀಲಿ ತಿಮಿಂಗಿಲದ ಹಾಡು ದಾಖಲಾಗಿರುವುದು 2021ರಲ್ಲಿ ಪ್ರಕಟವಾಯಿತು. ಹಾಡುವ ಪ್ರಾಣಿಯೂ ಸದ್ದುಮಾಡುವ ಹಡಗೂ ಒಂದೇ ನೀರಿನಲ್ಲಿವೆ.

5

ಸದ್ದಿನ ವಿಷಯವನ್ನು ತುಸು ವಿವರಿಸುವುದು ಅವಶ್ಯ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಿಂದ, ಎಂದರೆ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಸಂಚರಿಸುತ್ತದೆ. ಮಂದ್ರಸ್ಥಾಯಿಯ ಧ್ವನಿಯು ನೂರಾರು ಕಿಲೋಮೀಟರು ಹಬ್ಬಬಲ್ಲದು. ಬೆಳಕು ಹೋಗದ ಆಳದಲ್ಲಿ ತಿಮಿಂಗಿಲಕ್ಕೆ ಕಿವಿಯೇ ಕಣ್ಣು. ಜೊತೆಯನ್ನು ಹುಡುಕುವುದೂ ಮರಿಯನ್ನು ಕರೆಯುವುದೂ ಧ್ವನಿಯಿಂದಲೇ. ನೀಲಿ ತಿಮಿಂಗಿಲದ ಧ್ವನಿಯು ಬಹುಮಟ್ಟಿಗೆ 100 ಹರ್ಟ್ಸಿಗಿಂತ ಕೆಳಗಿನದು. ದೊಡ್ಡ ಹಡಗಿನ ತಿರುಗುರೆಕ್ಕೆಯ ಸುತ್ತ ಗುಳ್ಳೆಗಳು ಹುಟ್ಟಿ ಒಡೆಯುವುದರಿಂದ ಏಳುವ ಸದ್ದೂ ಬಹುಪಾಲು ಅದೇ ಸ್ಥಾಯಿಯದು. ಜಾತ್ರೆಯ ಡೊಳ್ಳಿನ ನಡುವೆ ಮಗುವನ್ನು ಕರೆಯುವ ತಾಯಿಯ ಸ್ಥಿತಿಯನ್ನು ಇದಕ್ಕೆ ಹೋಲಿಸಬಹುದು. ಈ ಡೊಳ್ಳು ಮಾತ್ರ ಎಂದಿಗೂ ನಿಲ್ಲುವುದಿಲ್ಲ.

ಈ ಸದ್ದು ಹೆಚ್ಚಿದುದಕ್ಕೆ ಐತಿಹಾಸಿಕ ಪ್ರಮಾಣವೂ ಉಂಟು. ಕ್ಯಾಲಿಫೋರ್ನಿಯಾ ತೀರದ ಒಂದೆಡೆಯಲ್ಲಿ ಅಮೇರಿಕದ ನೌಕಾದಳವು 1964ರಿಂದ 1966ರವರೆಗೆ ಮಾಡಿಟ್ಟಿದ್ದ ಧ್ವನಿಮಾಪನವನ್ನು, 2003 ಮತ್ತು 2004ರಲ್ಲಿ ಅದೇ ಸ್ಥಳದಲ್ಲಿ ಮಾಡಿದ ಮಾಪನದೊಡನೆ ಹೋಲಿಸಿದಾಗ, ಮಂದ್ರಸ್ಥಾಯಿಯ ಸದ್ದು 10ರಿಂದ 12 ಡೆಸಿಬೆಲ್‌ಗಳಷ್ಟು, ಎಂದರೆ ತೀವ್ರತೆಯಲ್ಲಿ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಏರಿದುದು ಕಂಡುಬಂದಿತು. ಇದಕ್ಕೆ ವಿಪರ್ಯಯವಾಗಿ, 2001ರ ಸೆಪ್ಟೆಂಬರ್ 11ರ ದುರಂತದ ತರುವಾಯ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರವು ತಗ್ಗಿದಾಗ, ಅಲ್ಲಿಯ ರೈಟ್ ತಿಮಿಂಗಿಲಗಳ ದೇಹದಲ್ಲಿ ಉದ್ವೇಗಸೂಚಕ ರಸಗಳೂ ತಗ್ಗಿದುವೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ.

6

ಪರಿಹಾರವು ಅಸಾಧ್ಯವಾದುದೇನೂ ಅಲ್ಲ. ಫಂಡಿ ಕೊಲ್ಲಿಯಲ್ಲಿ 2003ರಲ್ಲಿ ಹಡಗಿನ ಹಾದಿಯನ್ನು ಪಕ್ಕಕ್ಕೆ ಸರಿಸಲಾಯಿತು. ಅಮೇರಿಕದ ಪೂರ್ವತೀರದ ಗೊತ್ತಾದ ಪ್ರದೇಶಗಳಲ್ಲಿ ಗೊತ್ತಾದ ಋತುವಿನಲ್ಲಿ ದೊಡ್ಡ ಹಡಗುಗಳು 10 ನಾಟ್ ಮೀರಬಾರದೆಂಬ ನಿಯಮವು 2008ರಲ್ಲಿ ಬಂದಿತು. ಹಡಗಿನ ವೇಗವು 15 ನಾಟ್ ಮೀರಿದರೆ ಡಿಕ್ಕಿಗೆ ಸಿಕ್ಕ ತಿಮಿಂಗಿಲದ ಸಾವು ಬಹುಮಟ್ಟಿಗೆ ನಿಶ್ಚಿತವೆಂದೂ, 12ಕ್ಕಿಂತ ಕೆಳಗಿಳಿದರೆ ಸಾವಿನ ಸಂಭವವು ಅರ್ಧಕ್ಕಿಂತ ಕಡಿಮೆಯಾಗುವುದೆಂದೂ ಲೆಕ್ಕಾಚಾರಗಳು ತೋರಿಸಿವೆ. ಮಂದಗತಿಯಲ್ಲಿ ಸದ್ದೂ ಸಾಮಾನ್ಯವಾಗಿ ಇಳಿಯುತ್ತದೆ, ಇಂಧನವೂ ಉಳಿಯುತ್ತದೆ. ನಮ್ಮ ನೆರೆಯ ಶ್ರೀಲಂಕೆಯ ದಕ್ಷಿಣ ತೀರದಲ್ಲಿ ನೀಲಿ ತಿಮಿಂಗಿಲಗಳ ಮೇವಿನ ನೆಲೆಯನ್ನೇ ಹಾದುಹೋಗುವ ಮಾರ್ಗವನ್ನು ಸುಮಾರು 15 ನಾವಿಕ ಮೈಲಿ ದಕ್ಷಿಣಕ್ಕೆ ಸರಿಸಿದರೆ ಅಪಾಯವು ಬಹುವಾಗಿ ತಗ್ಗುವುದೆಂದು ತಜ್ಞರು ಸೂಚಿಸಿದರು; 2022ರಲ್ಲಿ ಒಂದು ದೊಡ್ಡ ಹಡಗು ಸಂಸ್ಥೆಯು ಸ್ವಯಂಪ್ರೇರಣೆಯಿಂದ ಹಾಗೆ ಮಾಡಿತು. ನೀರೊಳಗಣ ಸದ್ದನ್ನು ತಗ್ಗಿಸುವ ಕುರಿತು ಅಂತರರಾಷ್ಟ್ರೀಯ ಕಡಲ ಸಂಘಟನೆಯು 2014ರಲ್ಲಿ ಮಾರ್ಗದರ್ಶಿಯನ್ನು ಹೊರಡಿಸಿ 2023ರಲ್ಲಿ ಪರಿಷ್ಕರಿಸಿದೆ. ಅದು ಸಲಹೆಯ ಸ್ವರೂಪದ್ದು, ಕಡ್ಡಾಯವಾದುದಲ್ಲ.

ಭಾರತದ ಮಟ್ಟಿಗೆ ಕಾನೂನಿನ ತಳಹದಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ತಿಮಿಂಗಿಲಗಳಿಗೆ ಆಶ್ರಯ ದೊರೆತಿದೆ. 1979ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಹಿಂದೂ ಮಹಾಸಾಗರವನ್ನು ಬೇಟೆಯಿಲ್ಲದ ಅಭಯಸಾಗರವೆಂದು ಸಾರಿತು. ಭಾರತವು 1981ರಲ್ಲಿ ಆ ಆಯೋಗವನ್ನು ಸೇರಿತು. ಆದರೆ ಈ ಶಾಸನಗಳೆಲ್ಲ ಈಟಿ ಹಿಡಿದ ಬೇಟೆಗಾರನನ್ನು ಎದುರಿಗಿಟ್ಟುಕೊಂಡು ರಚಿತವಾದವು. ಇಂದಿನ ಕೊಲೆಗೆ ಉದ್ದೇಶವೂ ಇಲ್ಲ, ಕೊಂದವನಿಗೆ ಕೊಂದ ಅರಿವೂ ಇಲ್ಲ. ಎಷ್ಟೋ ವೇಳೆ ಸತ್ತ ದೇಹವು ಮುಳುಗಿ ಸಾಕ್ಷಿಯೂ ಅಳಿಯುತ್ತದೆ. ಮೀನುಗಾರರ ದೋಣಿಗಳಿಗೆ ವಾಣಿಜ್ಯ ಹಡಗುಗಳು ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಸರಕಾರವು 2020ರ ಆಗಸ್ಟಿನಿಂದ ನೈಋತ್ಯ ಕರಾವಳಿಯಲ್ಲಿ ಹಡಗುಗಳ ಹಾದಿಯನ್ನು ಬೇರ್ಪಡಿಸಿತು. ಕಡಲಿನಲ್ಲಿ ದಾರಿ ಬದಲಿಸುವುದು ಆಗದ ಮಾತೆಂಬ ಆಕ್ಷೇಪಕ್ಕೆ ಇದೇ ಸಮಾಧಾನ. ಬಂದರಿನಿಂದ ಬದುಕುವ ಜನರ ಹಿತವನ್ನು ಕಡೆಗಣಿಸಬೇಕಾಗಿಲ್ಲ. ಕೆಲವು ತಾಸುಗಳ ವಿಳಂಬವನ್ನು ವ್ಯಾಪಾರವು ತಾಳಬಲ್ಲದು, ನೂರಕ್ಕೂ ಕಡಿಮೆಯಿರುವ ಒಂದು ಸಂತತಿಯು ಕೆಲವು ಸಾವುಗಳನ್ನೂ ತಾಳಲಾರದು.

ಈ ಕಾರ್ಯದಲ್ಲಿ ಇತಿಹಾಸ ವಿಭಾಗಗಳಿಗೂ ಪಾಲುಂಟು. ಯಾವ ತಿಂಗಳಲ್ಲಿ, ಯಾವ ರೇವಿನ ಬಳಿ, ಯಾವ ತಿಮಿಂಗಿಲವು ಕಾಣಿಸಿತು ಅಥವಾ ದಡಕ್ಕೆ ಬಿದ್ದಿತು ಎಂಬುದು ತಿಳಿಯದೆ ಹಡಗಿನ ಹಾದಿಯನ್ನು ಸರಿಸಲಾಗದು. ಹಳೆಯ ನೌಕಾದಿನಚರಿಗಳು, ಬಂದರು ಕಚೇರಿಯ ಕಡತಗಳು, ಜಿಲ್ಲಾ ಗ್ಯಾಸೆಟಿಯರುಗಳು, ಕರಾವಳಿಯ ಪತ್ರಿಕೆಗಳು, ವೃದ್ಧ ಬೆಸ್ತರ ನೆನಪುಗಳು, ಇವು ಇದಕ್ಕೆ ಆಕರಗಳು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಧಾರವಾಡದಲ್ಲಿ ಇತಿಹಾಸದ ವಿದ್ಯಾರ್ಥಿಗಳಿದ್ದಾರೆ. ಇವರಿಬ್ಬರೂ ಕೂಡಿ ಕನ್ನಡ ಕರಾವಳಿಯ ತಿಮಿಂಗಿಲಗಳ ಒಂದು ಕಾಲಾನುಕ್ರಮಣಿಕೆಯನ್ನು ಸಿದ್ಧಪಡಿಸಿದರೆ, ಅದು ಹಡಗುಗಳ ಮಾರ್ಗವನ್ನು ನಿರ್ಣಯಿಸುವ ಅಧಿಕಾರಿಗಳ ಮೇಜಿನ ಮೇಲಿಡಬಹುದಾದ ಗಟ್ಟಿಯಾದ ಪ್ರಮಾಣವಾಗುವುದು.